ಕಣದಲ್ಲಿ ನನ್ನ ಪಾಲು

ಇದ್ದಿಲಿನ ಗಾಡಿ ಬರಲಿಲ್ಲವೆಂದು ಪಟ್ಟಣದ ಕೋಟೆಯ ಕಾರ್ಖಾನೆಯಲ್ಲಿ ಕುಲುಮೆಗಳೆಲ್ಲ ಆರಿದ್ದವು. ಸರ್ಕಾರದ ತುಪಾಕಿಗಳಿಗೆ ಕಬ್ಬಿಣ ಬಡಿಯುವ ನಮಗೆ ಅಂಥ ಬಿಡುವು ಸಿಗುವುದೇ ಕಮ್ಮಿ. ಉಳಿದವರಿಗೆ ಹೆಂಡತಿ ಮಕ್ಕಳಿದ್ದರು. ನನ್ನವಳು ಹೋದ ವರ್ಷ ತೀರಿಕೊಂಡಿದ್ದಳು. ಗೋಡೆ ನೋಡುತ್ತ ಕೂರುವುದಕ್ಕಿಂತ ಹುಟ್ಟಿದೂರನ್ನಾದರೂ ನೋಡಿ ಬರೋಣವೆಂದು ಬೆಳಗಿನ ಜಾವವೇ ಹೊರಟೆ.

ಮನಸ್ಸಿನಲ್ಲಿ ಇನ್ನೊಂದು ಆಸೆಯೂ ಇತ್ತು. ಅದು ಸುಗ್ಗಿಯ ಕಾಲ. ನೇಗಿಲು ಕುಡುಗೋಲು ಮಾಡಿಕೊಡುವ ಕಮ್ಮಾರನಿಗೆ ನಮ್ಮೂರ ಕಣದಲ್ಲಿ ಭತ್ತದ ಪಾಲು ಸಲ್ಲುತ್ತಿತ್ತು. ಅದಕ್ಕೆ ಆಯ ಎನ್ನುತ್ತಿದ್ದರು. ಆಯಕ್ಕೆ ಯಾರೂ ಕೈಯೊಡ್ಡುವುದಿಲ್ಲ. ಅಪ್ಪ ಬಂದರೆ ರೈತ ಪಕ್ಕಕ್ಕೆ ಸರಿಯುತ್ತಿದ್ದ, ಅಪ್ಪ ತಾನೇ ರಾಶಿಗೆ ಮೊರ ಹಾಕಿ ತುಂಬಿಕೊಳ್ಳುತ್ತಿದ್ದ. ಆ ಜಾಗ ನನಗಾಗಿ ಇನ್ನೂ ಉಳಿದಿದ್ದರೆ, ಯಾರ ಕೈಕಾಲು ಹಿಡಿದಾದರೂ ಕೋಟೆ ಬಿಟ್ಟು ಊರು ಸೇರಿಬಿಡಬೇಕೆಂದಿದ್ದೆ. ಬೇರೊಬ್ಬ ಬಂದಿರಬಹುದು ಎಂದು ಹೊಳೆಯದೇ ಇರಲಿಲ್ಲ. ಹೊಳೆದಾಗಲೆಲ್ಲ ಅತ್ತ ದಬ್ಬುತ್ತಿದ್ದೆ.

ಹೊಳೆಯಲ್ಲಿ ಮೊಣಕಾಲುದ್ದ ನೀರು. ದಾಟಿದ ಮೇಲೆ ಆತುರಪಡಲಿಲ್ಲ. ನೀರೆತ್ತುವ ಏತದ ಮರದ ಮೇಲೆ ಒಬ್ಬ ಹಿಂದಕ್ಕೂ ಮುಂದಕ್ಕೂ ನಡೆಯುತ್ತ ಪದ ಹೇಳುತ್ತಿದ್ದ; ಅದು ಮುಗಿಯುವವರೆಗೆ ಬದುವಿನ ಮೇಲೆ ಕೂತೆ. ಎದುರಿಗೆ ಬಂದ ಗಾಡಿಯ ಚಕ್ರದ ಪಟ್ಟಿ ಸಡಿಲಾಗಿ ಲೊಟಲೊಟ ಎನ್ನುತ್ತಿತ್ತು. ಯಾವ ಮುಟ್ಠಾಳ ಕೂರಿಸಿದನೋ ಎಂದು ಬೈದುಕೊಂಡೆ. ಹಿರೋಡೆ ಹತ್ತಿರದ ಆಲೆಮನೆಯಲ್ಲಿ ಕೇಳುವ ಮೊದಲೇ ಎಲೆಯ ಮೇಲೆ ಬಿಸಿ ಬೆಲ್ಲ ಹಾಕಿಕೊಟ್ಟರು. ಬಹಳ ರುಚಿಯಾಗಿತ್ತು. ಹಾಗೆಂದು ಹೇಳಲು ಪಕ್ಕದಲ್ಲಿ ಯಾರೂ ಇಲ್ಲವಲ್ಲ ಎಂದು ಸಂಕಟವಾಯಿತು. ಅಲ್ಲಿಂದ ತೊಣ್ಣೂರು ಕೆರೆಯ ಕಾಲುವೆ ಹಿಡಿದು, ಕೊಕ್ಕರೆಗಳನ್ನು ಎಬ್ಬಿಸುತ್ತ ನಡೆದೆ.

ಹೊತ್ತು ಇಳಿಯುವಾಗ ನಮ್ಮೂರ ಕಣ ಸಿಕ್ಕಿತು. ಭತ್ತ ತೂರಿ ರಾಶಿ ಮಾಡಿ, ಮೇಲೆ ಸಗಣಿಯ ಬೆನಕನನ್ನು ಇಟ್ಟಿದ್ದರು. ರಾಶಿಯ ಪಕ್ಕ ನಿಂತಿದ್ದ ರೈತನ ಮೂಗು ನೋಡಿಯೇ ಯಾರ ಮಗನೆಂದು ತಿಳಿಯಿತು. ಅವನ ಅಪ್ಪನ ನೇಗಿಲಿಗೆ ಗುಳ ತಟ್ಟಿಕೊಟ್ಟವನು ನಾನು. ಊರು ಬಿಟ್ಟಾಗ ಇವನಿನ್ನೂ ಅಂಬೆಗಾಲಿಡುತ್ತಿದ್ದ.

“ಯಾವೂರಾಯ್ತು, ಯಜಮಾನ್ರೇ?” ಎಂದ.

“ಪಟ್ಣ. ನಿಮ್ಮೂರಲ್ಲಿ ಕಮ್ಮಾರ ಅವ್ನೇನಪ್ಪ?” ಎಂದೆ.

“ಅವ್ನೆ. ನಾಗಮಂಗಲದ ಕಡೆಯೋನು, ಬಂದು ಏಸೋ ವರ್ಸ ಆಯ್ತು. ಮುಂಚೆ ಇದ್ದೋನು ನಿಮ್ ಪಟ್ಣಕ್ಕೇ ಓಗ್ಬುಟ್ಟ. ಸರ್ಕಾರದ್ ಸಂಬ್ಳ, ಬೆಳ್ಳಿ ತಟ್ಟೇಲಿ ಉಣ್ತಾವ್ನಂತೆ. ಈ ಕಣದ್ ದೂಳು ಅವನ್ಗ್ಯಾಕೆ ಬೇಕು?”

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ನಾನು ಹಿಂದಿನ ರಾತ್ರಿ ಉಂಡ ಮಡಕೆ ಕೋಟೆಯ ಮನೆಯಲ್ಲಿ ಇನ್ನೂ ತೊಳೆಯದೆ ಬಿದ್ದಿತ್ತು. ಮುಂಚೆ ಇದ್ದೋನು ನಾನೇ ಕಣಪ್ಪ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮೊರ ಹಿಡಿದು ಆ ನಾಗಮಂಗಲದ ಕಮ್ಮಾರನೇ ಬಂದ, ಹಿಂದೆ ಕಂಕುಳಲ್ಲಿ ಮಗು ಇಟ್ಟುಕೊಂಡ ಹೆಂಡತಿ. ರೈತ ಪಕ್ಕಕ್ಕೆ ಸರಿದ. ಆತ ಯಾರನ್ನೂ ಕೇಳದೆ ರಾಶಿಗೆ ಮೊರ ಹಾಕಿದ.

ನಾನು ಬಂದ ದಾರಿಗೇ ತಿರುಗಿದೆ.

“ಅಯ್, ಅಂಗೇ ಓಗ್ಬ್ಯಾಡಿ. ಕಣಕ್ಕೆ ಬಂದ ದಾರಿವೋಕ್ರು ಬರಿಗೈಲಿ ಓಗ್ಬಾರ್ದು” ಎಂದು ರೈತ ಬೊಗಸೆ ತುಂಬ ಭತ್ತ ಎತ್ತಿಕೊಂಡು ನನ್ನ ಮುಂದೆ ಬಂದು ನಿಂತ. “ಒಡ್ಡಿ, ಯಜಮಾನ್ರೇ.”

ಹೆಗಲ ಮೇಲಿನ ವಸ್ತ್ರ ತೆಗೆದು ಒಡ್ಡಿದೆ.