ಖಾಲಿ ಪರದೆ ಒರೆಸುವವರು

ನಮ್ಮ ಮನೆಗೆ ನನಗಿಂತ ದೊಡ್ಡ ಮಿಮಿಕ್ರಿ ಕಲಾವಿದನೊಬ್ಬ ಬಂದಿದ್ದ.

ಬಂದದ್ದು ಸವದತ್ತಿಯಿಂದ. ಮಾವನ ಮಗನ ಮದುವೆ ಫೋಟೊಗಳಿದ್ದ ಪೆನ್‌ಡ್ರೈವಿನಲ್ಲಿ ಕೂತು, ಟಿಕೆಟ್ ಇಲ್ಲದೆ. ಕಂಪ್ಯೂಟರಿಗೆ ಚುಚ್ಚಿದ್ದೇ ತಡ, ಪ್ರತಿ ಫೋಲ್ಡರಿನೊಳಗೂ ಅದೇ ಹೆಸರಿನ ಇನ್ನೊಂದು ಫೋಲ್ಡರ್. ‘ಮದುವೆ’ ತೆರೆದರೆ ಒಳಗೆ ‘ಮದುವೆ’. ಅದರೊಳಗೆ ಮತ್ತೊಂದು ‘ಮದುವೆ’. ಮೈಬಣ್ಣ ಫೋಲ್ಡರಿನದು, ಹೊಟ್ಟೆಯಲ್ಲಿ ವೈರಸ್. ಕಾಲೇಜಿನ ಗ್ಯಾದರಿಂಗಿನಲ್ಲಿ ನಾನು ಪ್ರಿನ್ಸಿಪಾಲರ ದನಿ ಮಾಡಿದಾಗ ಮುಖವಾದರೂ ನನ್ನದೇ ಇರುತ್ತದೆ. ಈ ಪುಣ್ಯಾತ್ಮ ಮುಖವನ್ನೂ ಕದ್ದಿದ್ದ!

ಸಂಜೆಯ ಹೊತ್ತಿಗೆ ಕಂಪ್ಯೂಟರ್ ಮಲಗಿತು. ಶುರುವಾಗುತ್ತದೆ, ಆದರೆ ಏನೂ ತೆರೆಯುವುದಿಲ್ಲ. ಮುಖ್ಯವಾಗಿ ನೀಲಿ ಪರದೆ ತೆರೆಯುವುದಿಲ್ಲ. ನೀಲಿ ಪರದೆ ಅಂದರೆ ನಾವು ಬಿಸಿಎ ಮಂದಿ ಸಿ ಪ್ರೋಗ್ರಾಂ ಬರೆಯುವ ಜಾಗ. (ಹಿರಿಯ ಓದುಗರಿಗೆ: ಸಿ ಅಂದರೆ ಕಂಪ್ಯೂಟರಿನ ಜೊತೆ ಮಾತಾಡುವ ಒಂದು ಭಾಷೆ. ಕಳೆದ ವರ್ಷ ನಾನು ಮಾತಾಡಿದೆ, ಅದಕ್ಕೆ ತಿಳಿಯಲಿಲ್ಲ. ಹೀಗಾಗಿ ಒಂದು ಬ್ಯಾಕ್, ಅಂದರೆ ಮತ್ತೆ ಬರೆಯಬೇಕಾದ ಪೇಪರ್, ಉಳಿದಿತ್ತು.)

ಪ್ರಾಕ್ಟಿಕಲ್ ಪರೀಕ್ಷೆಗೆ ಆಗ ಹತ್ತು-ಹನ್ನೆರಡು ದಿನ ಇತ್ತು.

ಪ್ರಶ್ನೆ ನನ್ನದಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ನಾನು ಫೇಲಾದರೆ ಬೈಲಹೊಂಗಲ ಪೇಟೆಯಲ್ಲಿ ಅಪ್ಪನ ಹಿಂಡಿ ಅಂಗಡಿ ಇದೆ. ಹಿಂಡಿ ತಿನ್ನುವ ಎಮ್ಮೆಗಳು ಮಾರ್ಕ್ಸ್ ಕಾರ್ಡ್ ಕೇಳುವುದಿಲ್ಲ. ಆದರೆ ಶಿವಲೀಲಾ ಇದ್ದಾಳಲ್ಲ? (ಹೆಸರು ಬದಲಿಸಿದ್ದೇನೆ, ಅವರಪ್ಪ ಈ ಪೇಪರ್ ತರಿಸುತ್ತಾರೆ.) ನೇಸರಗಿಯವಳು. ನನ್ನದೇ ಕ್ಲಾಸು, ನನ್ನದೇ ಬ್ಯಾಕು. ಲ್ಯಾಬಿನಲ್ಲಿ ಬ್ಯಾಕ್ ಇದ್ದವರಿಗೆ ಕುರ್ಚಿ ಸಿಗುವುದಿಲ್ಲ, ಅವಳ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಆದ್ದರಿಂದ ಪ್ರತಿ ಭಾನುವಾರ ಬಸ್ಸು ಹತ್ತಿ ಬಂದು, ನಮ್ಮ ಪಡಸಾಲೆಯಲ್ಲಿ, ನಮ್ಮವ್ವನ ಕಾವಲಿನಲ್ಲಿ ಪ್ರ್ಯಾಕ್ಟೀಸ್ ಮಾಡುತ್ತಾಳೆ.

ಅವರಪ್ಪನ ಆರ್ಡರ್ ಸ್ಪಷ್ಟವಾಗಿತ್ತು. “ಈ ಸಲ ಪಾಸಾದ್ರ ಮುಂದ ಕಲಿ. ಫೇಲಾದ್ರ ರಾಮದುರ್ಗದವರು ಕೇಳಾಕತ್ತಾರ, ಲಗ್ನ ಮಾಡಿ ಕೈ ತೊಳಕೋತೇನಿ.”

ಅಂಥವಳಿಗೆ ಫೋನ್ ಮಾಡಿ ಹೇಗೆ ಹೇಳುವುದು? ಹೇಳಿದೆ.

“ವೈರಸ್ ಬಂದೈತಿ.”

“ಯಾರಿಗೆ? ನಿನಗೋ, ಕಂಪ್ಯೂಟರಿಗೋ?”

“ಕಂಪ್ಯೂಟರಿಗೆ.”

“ಹಂಗಾರ ಕೆಟ್ಟ ಸುದ್ದಿ,” ಅಂದಳು.

ಇನ್ನು ಉಳಿದದ್ದು ಮಹಾಂತೇಶಣ್ಣ. ನಮ್ಮೂರ ಕಂಪ್ಯೂಟರುಗಳ ಫ್ಯಾಮಿಲಿ ಡಾಕ್ಟರ್. ಅವನ ದನಿ ಮಾಡುವುದು ಬಹಳ ಸುಲಭ. ಬಾಯಲ್ಲಿ ಅರ್ಧ ಎಲೆ-ಅಡಿಕೆ ಇದ್ದಂತೆ ಗಂಟಲಿನಿಂದ ಒಂದೇ ವಾಕ್ಯ ಹೇಳಿದರೆ ಸಾಕು.

ಫೋನ್ ಹಚ್ಚಿ ನಾನು ಇನ್ನೂ ‘ಹಲೋ’ ಅಂದಿದ್ದೆನಷ್ಟೆ. “ಫಾರ್ಮ್ಯಾಟ್ ಹೊಡಿಬೇಕಾಗತೈತಿ ತಮ್ಮಾ.”

“ಅಣ್ಣಾ, ಏನಾಗೇತಿ ಅಂತ ಹೇಳೇ ಇಲ್ಲಲ್ಲ?”

“ಏನರ ಆಗಿರ್ಲಿ.”

ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ಫಾರ್ಮ್ಯಾಟ್. ಮೌಸಿನ ವಯರನ್ನು ನಿಜವಾದ ಇಲಿ ಕಡಿದರೂ ಫಾರ್ಮ್ಯಾಟ್. ಎಲ್ಲ ಅಳಿಸಿ ಮತ್ತೆ ಅದೇ ವಿಂಡೋಸ್ ಹಾಕಿಕೊಡುತ್ತಾನೆ, ನಾವು ಮತ್ತೆ ಅದೇ ಪೆನ್‌ಡ್ರೈವ್ ಚುಚ್ಚುತ್ತೇವೆ. ಇದೊಂದು ಸಂಸಾರ, ನಡೆದುಕೊಂಡು ಹೋಗುತ್ತಿತ್ತು. ಆದರೆ ಈ ಸಲ ಮಹಾಂತೇಶಣ್ಣ ಸವದತ್ತಿ ಕಡೆ ಸಾಲೆಯೊಂದಕ್ಕೆ ಕಂಪ್ಯೂಟರ್ ಜೋಡಿಸಲು ಹೋಗಿದ್ದ. ಬರುವುದು ಪರೀಕ್ಷೆ ಮುಗಿದ ಮೇಲೆ.

ಅಂಥ ಹೊತ್ತಿನಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವನು ಈರಣ್ಣ. ದೊಡವಾಡದವನು, ನನ್ನ ಸೀನಿಯರ್, ಈಗ ಧಾರವಾಡದಲ್ಲಿ ಎಂಸಿಎ ಓದುತ್ತಿದ್ದಾನೆ. ಮುಖದಲ್ಲಿ ಹೊಸ ಕಳೆ.

“ನಾ ಬಿಟ್ಟೇನಲೇ,” ಅಂದ.

“ಏನ, ಗುಟ್ಕಾ?”

“ವಿಂಡೋಸ್!”

ಅಂಗಿಯ ಜೇಬಿನಿಂದ ಒಂದು ಸಿಡಿ ತೆಗೆದ. ಲಿನಕ್ಸ್ ಅಂತೆ, ವಿಂಡೋಸಿನ ಬದಲಿಗೆ ಹಾಕುವಂಥದ್ದು. ವೈರಸ್ ಬರುವುದಿಲ್ಲವಂತೆ. ಒಳಗೆ ಹೇಗಿದೆ ಅಂತ ಯಾರು ಬೇಕಾದರೂ ಬಿಚ್ಚಿ ನೋಡಬಹುದಂತೆ. ಮೇಲಾಗಿ ಫ್ರೀ.

“ಫ್ರೀ ಅಂದ್ರ ಏನ ದೊಡ್ಡದು? ನಮ್ಮ ಓಣಿಯಾಗ ವಿಂಡೋಸಿಗೆ ಯಾರರ ರೊಕ್ಕಾ ಕೊಟ್ಟಾರೇನೋ?”

ಈರಣ್ಣನ ಮುಖ ಬಾಡಿತು. “ಹಿತ್ತಲದಾಗ ಹೊಕ್ಕು ಹರಕೊಂಡ ಪೇರಲಹಣ್ಣ ಬ್ಯಾರೆ, ಕರದು ಕೊಟ್ಟದ್ದ ಬ್ಯಾರೆ,” ಅಂದ.

ಮಾತು ಸ್ವಲ್ಪ ನಾಟಿತು. ಆದರೂ ಬದಲಿಸುವುದು ಅಷ್ಟು ಸುಲಭವೆ? ನಮ್ಮ ಕಡೆಯ ಜನರನ್ನು ನೀವು ಬಲ್ಲಿರಿ. ಪಕ್ಷ ಬದಲಿಸುತ್ತೇವೆ, ಕಟಿಂಗ್ ಅಂಗಡಿ ಬದಲಿಸುವುದಿಲ್ಲ. ಚಹಾ ಕುಡಿಯಲು ಕಿತ್ತೂರಿಗೆ ಹೋದರೂ ಅದೇ ಅಂಗಡಿ, ಅದೇ ಬೆಂಚು, ಅದೇ ಅಲ್ಲಾಡುವ ಕಾಲಿನ ಕಡೆಯ ಜಾಗ. ಇನ್ನು ಪರೀಕ್ಷೆ ಎದುರಿಗಿಟ್ಟುಕೊಂಡು ಆಪರೇಟಿಂಗ್ ಸಿಸ್ಟಮ್ ಬದಲಿಸುವವನಿಗೆ ಏನನ್ನಬೇಕು? (ನಮ್ಮವ್ವ ಒಂದು ಶಬ್ದ ಅಂದಳು. ಪತ್ರಿಕೆಯಲ್ಲಿ ಹಾಕುವಂಥದ್ದಲ್ಲ.)

ಶನಿವಾರ ಈರಣ್ಣ ಸಿಡಿ ಹಿಡಿದು ಮನೆಗೇ ಬಂದ. ಅಪ್ಪ ಅಂಗಡಿಯಿಂದ ಊಟಕ್ಕೆ ಬಂದವರು ಎದುರಿಗೆ ಕೂತು ವಿಚಾರಣೆ ಶುರು ಮಾಡಿದರು.

“ಇದರ ಮಾಲಕರ ಯಾರೋ ತಮ್ಮಾ?”

“ಯಾರೂ ಇಲ್ಲರಿ ಕಾಕಾ. ಎಲ್ಲಾರೂ ಮಾಲಕರ.”

“ಹಂಗಾರ ಕೆಟ್ಟಾಗ ಯಾರ ಮನೀ ಮುಂದ ಹೋಗಿ ನಿಂದರಬೇಕು?”

“ಇಂಟರ್ನೆಟ್ಟಿನ್ಯಾಗ ಕೇಳಬೇಕ್ರಿ. ಜಗತ್ತಿನ ಮಂದಿ ಉತ್ತರಾ ಹೇಳ್ತಾರ.”

“ಅದ ಎಲ್ಲಿರತೈತಿ?”

“ಅದೂ ಎಲ್ಲಾ ಕಡೆ ಇರತೈತ್ರಿ.”

ಅಪ್ಪ ನನ್ನ ಕಡೆ ತಿರುಗಿದರು. “ಇಂವಾ ಕಂಪ್ಯೂಟರಿನ ಮಾತ ಆಡಾಕತ್ತಾನೋ, ದೇವರ ಮಾತ ಆಡಾಕತ್ತಾನೋ?”

ಕೊನೆಗೆ ಈರಣ್ಣ ಸಂಧಾನಕ್ಕೆ ಬಂದ. ಮಲಗಿದ ವಿಂಡೋಸ್ ಅರ್ಧ ಜಾಗದಲ್ಲಿ ಹಾಗೇ ಮಲಗಿರಲಿ, ಉಳಿದ ಅರ್ಧಕ್ಕೆ ಲಿನಕ್ಸ್. ನಡುವೆ ಪಾರ್ಟಿಶನ್. ಈ ಒಂದು ಶಬ್ದ ಅಪ್ಪನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಸಂಪಗಾಂವದಲ್ಲಿ ದೊಡ್ಡಪ್ಪನ ಜೊತೆ ಹೊಲ ಪಾಲು ಮಾಡಿಕೊಂಡವರು.

“ಪಾಲ ಮಾಡೂದು ಸರಳ. ಬದುವಿನ ಜಗಳಾ ಸಾಯೂತನಕ ಇರತೈತಿ. ನಾ ಹೇಳಿಲ್ಲ ಅನ್ನಬ್ಯಾಡ್ರಿ,” ಎಂದು ಕೈ ತೊಳೆಯಲು ಎದ್ದರು.

ಭಾನುವಾರ ಶಿವಲೀಲಾ ಬಂದಳು. ಕಂಪ್ಯೂಟರ್ ಮುಂದೆ ಕೂತಳು.

“ನೀಲಿ ಎಲ್ಲೈತಿ?”

“ನೀಲಿ ಇಲ್ಲ. ಇದು ಲಿನಕ್ಸ್.”

“ಪರೀಕ್ಷಾ ಬಾಗಲಾಗ ಬಂದ ನಿಂತೈತಿ, ಈಗ ಮನೀ ಬದ್ಲಿ ಮಾಡೀಯಲ್ಲೋ ಖೋಡೀ! ನೀ ಫೇಲಾದ್ರ ಹಿಂಡಿ ಮಾರ್ತಿ. ನಾ ಫೇಲಾದ್ರ ರಾಮದುರ್ಗದಾಗ ಯಾರದೋ ಮನ್ಯಾಗ ರೊಟ್ಟಿ ಬಡೀತೇನಿ. ತಿಳೀತೈತೇನ ನಿನಗ?”

ತಿಳಿಯುತ್ತಿತ್ತು. ಅದಕ್ಕೇ ಮಿಮಿಕ್ರಿ ಏನೂ ಮಾಡದೆ ನನ್ನ ಸ್ವಂತ ದನಿಯಲ್ಲಿ, “ಒಮ್ಮಿ ಬರದು ನೋಡು,” ಅಂದೆ. (ನನ್ನ ಸ್ವಂತ ದನಿ ಅಷ್ಟೇನೂ ಚೆನ್ನಾಗಿಲ್ಲ.)

ಬರೆದಳು. ಎರಡು ಸಂಖ್ಯೆ ಕೂಡಿಸುವ ಪ್ರೋಗ್ರಾಂ. ಬಿಸಿಎದಲ್ಲಿ ಎಲ್ಲರೂ ಮೊದಲು ಕಲಿಯುವುದು, ನಿದ್ದೆಯಲ್ಲೂ ಬರೆಯುವುದು. ಓಡಿಸಿದರೆ ಎರರ್. ಒಂದಲ್ಲ, ಒಂದು ಹಿಂಡು.

ಲಿನಕ್ಸ್ ಹೇಳುತ್ತಿದ್ದುದು ಇಷ್ಟೇ: ನೀವು ಮೇಲೆ ‘ಕೋನಿಯೋ’ ಅಂತ ಯಾರನ್ನೋ ಕರೆದಿದ್ದೀರಿ, ಅಂಥವರು ನಮ್ಮಲ್ಲಿಲ್ಲ. ಕೆಳಗೆ ‘ಕ್ಲಿಯರ್ ಸ್ಕ್ರೀನ್’ ಅಂದಿದ್ದೀರಿ, ಅದೇನೆಂದು ನನಗೆ ಗೊತ್ತಿಲ್ಲ.

ಇವೆರಡೂ ನಮ್ಮ ಲ್ಯಾಬ್ ಸರ್ ಕಲಿಸಿದ ಸಾಲುಗಳು. ಯಾವ ಪ್ರೋಗ್ರಾಂ ಇರಲಿ, ಮೊದಲು ಇವು. ಯಾವ ಪತ್ರ ಬರೆದರೂ ಮೇಲೆ ‘ಶ್ರೀ’ ಹಾಕುತ್ತೇವಲ್ಲ, ಹಾಗೆ. ಈರಣ್ಣನಿಗೆ ಫೋನ್ ಹಚ್ಚಿದೆ.

“ಕ್ಲಿಯರ್ ಸ್ಕ್ರೀನ್ ಯಾಕ ಬರದೀರಿ?” ಅಂದ.

“ಸರ್ ಬರಸ್ಯಾರ.”

“ಅದ ಏನ ಮಾಡತೈತಿ?”

ನಾನು ಶಿವಲೀಲಾಳನ್ನು ನೋಡಿದೆ. ಅವಳು ನನ್ನನ್ನು ನೋಡಿದಳು. ಅವ್ವ ಇಬ್ಬರನ್ನೂ ನೋಡಿದಳು.

“ಪರದೆ ಒರಸ್ತೈತಲೇ. ಪಾಟಿ ಒರಸಿದಂಗ. ಹಿಂದಿಂದ ಏನರ ಉಳದಿದ್ರ ಅಳಸ್ತೈತಿ. ಈಗ ನಿಮ್ಮ ಪರದೆ ಮ್ಯಾಲ ಏನೈತಿ?”

“ಏನಿಲ್ಲ.”

“ಮತ್ತ ಏನ ಒರಸಾಕತ್ತೀರಿ?”

ಎಂಥ ಪ್ರಶ್ನೆ ನೋಡಿ! ಇಷ್ಟು ದಿನ ಖಾಲಿ ಪಾಟಿಯನ್ನೇ ಭಕ್ತಿಯಿಂದ ಒರೆಸುತ್ತ ಬಂದಿದ್ದೆವು. ಮಿಮಿಕ್ರಿ ಅಂದರೆ ವೇದಿಕೆಯ ಮೇಲೆ ಮಾತ್ರ ಮಾಡುತ್ತೇನೆ ಅಂದುಕೊಂಡಿದ್ದೆ. ನಾನು ಸಿ ಕಲಿತೇ ಇರಲಿಲ್ಲ. ಕೀಬೋರ್ಡಿನ ಮೇಲೆ ಲ್ಯಾಬ್ ಸರ್ ದನಿ ಮಾಡುತ್ತಿದ್ದೆ, ಅಷ್ಟೆ.

ನಾನು ಹೀಗೆ ತತ್ತ್ವಜ್ಞಾನಿಯಾಗುತ್ತಿರುವಾಗ ಶಿವಲೀಲಾ ಸುಮ್ಮನೆ ಆ ಎರಡು ಸಾಲು ಅಳಿಸಿದಳು. ಪ್ರೋಗ್ರಾಂ ಓಡಿತು.

ಅಲ್ಲಿಂದ ಅವಳಿಗೆ ಹುಚ್ಚು ಹಿಡಿಯಿತು. “ಇದ ತಗದ್ರ ಏನಾಗತೈತಿ?” ಒಂದು ಸಾಲು ತೆಗೆಯುವುದು, ಓಡಿಸುವುದು. ಬಿದ್ದರೆ ಯಾಕೆ ಬಿತ್ತು ಅಂತ ಪುಸ್ತಕ ತೆರೆಯುವುದು. ಬೀಳದಿದ್ದರೆ, “ನೋಡ್ರಿ ಅಮ್ಮಾ, ಇದೂ ಬ್ಯಾಡಾಗಿತ್ತು!” ಎಂದು ನಮ್ಮವ್ವನಿಗೆ ತೋರಿಸುವುದು. ಅವ್ವನಿಗೆ ಸಿ ಬರುವುದಿಲ್ಲ, ಆದರೆ ಬೇಡವಾದದ್ದನ್ನು ಎತ್ತಿ ಹೊರಗೆ ಹಾಕುವುದು ಯಾರಿಗೆ ಸೇರುವುದಿಲ್ಲ? “ತಗಿ, ತಗಿ,” ಎಂದು ಹುರಿದುಂಬಿಸಿದಳು. ಸಂಜೆ ನೇಸರಗಿ ಬಸ್ಸು ಹತ್ತುವ ಹೊತ್ತಿಗೆ ಯಾವ ಸಾಲು ಯಾಕೆ ನಿಂತಿದೆ ಅಂತ ಶಿವಲೀಲಾಗೆ ಗೊತ್ತಿತ್ತು. ನನಗೂ ಸ್ವಲ್ಪ.

ಸೋಮವಾರ ಅದೇ ಉಮೇದಿನಲ್ಲಿ ಲ್ಯಾಬ್ ಸರ್ ಬಳಿ ಹೋದೆವು.

“ಸರ್, ಕ್ಲಿಯರ್ ಸ್ಕ್ರೀನ್ ಬರೀಲಿಲ್ಲಂದ್ರೂ ನಡೀತೈತ್ರಿ,” ಅಂದಳು.

ಸರ್ ಕನ್ನಡಕ ತೆಗೆದರು. (ಸರ್ ಕನ್ನಡಕ ತೆಗೆಯುವುದು ನನ್ನ ಅತ್ಯಂತ ಜನಪ್ರಿಯ ಐಟಂ.) “ನಡೀತೈತಿ? ಮಾರ್ಕ್ಸ್ ಇಲ್ಲಂದ್ರೂ ನಡೀತೈತೇನು? ಪರೀಕ್ಷಾದಾಗ ಆ ಸಾಲ ಕಾಣಲಿಲ್ಲಂದ್ರ ಅರ್ಧಾ ಕಟ್. ಹೋಗ್ರಿ.”

ಈಗ ಹೇಳಿ. ತಿಳಿದದ್ದನ್ನು ಬರೆಯಬೇಕೋ, ಪಾಸಾಗುವುದನ್ನು ಬರೆಯಬೇಕೋ? ನಾನಾಗಿದ್ದರೆ ಹಿಂಡಿ ಅಂಗಡಿಯ ಧೈರ್ಯದ ಮೇಲೆ ಕ್ರಾಂತಿ ಮಾಡಬಹುದಿತ್ತು. ಶಿವಲೀಲಾಗೆ ಆ ಸೌಲಭ್ಯ ಇರಲಿಲ್ಲ.

ಪರೀಕ್ಷೆಯ ದಿನ ಅವಳು ಎರಡೂ ಸಾಲು ನೀಟಾಗಿ ಬರೆದಳು. ಕಾಲೇಜಿನ ನೀಲಿ ಪರದೆಯ ಮೇಲೆ ಪ್ರೋಗ್ರಾಂ ಓಡಿತು. ಆಮೇಲೆ ವೈವಾ, ಅಂದರೆ ಬಾಯಿಮಾತಿನ ಪರೀಕ್ಷೆ. ಪರ ಊರಿನಿಂದ ಬಂದ ಎಕ್ಸಾಮಿನರ್ ವಯಸ್ಸಾದವರು, ಸಾವಧಾನದ ಮನುಷ್ಯ. ಪಕ್ಕದಲ್ಲೇ ನಮ್ಮ ಲ್ಯಾಬ್ ಸರ್. ಹಿರಿಯರು ಪೆನ್ನಿನ ತುದಿಯಿಂದ ಅದೇ ಸಾಲು ಮುಟ್ಟಿದರು. “ಈ ಕ್ಲಿಯರ್ ಸ್ಕ್ರೀನ್ ಯಾತಕ್ಕೆ ಬರೆದೀಯವಾ?”

ಸಾಲಿನಲ್ಲಿ ಅವಳ ಹಿಂದೆಯೇ ನಾನು ನಿಂತಿದ್ದೆ.

“ಪರದೆ ಒರಸಾಕ್ರಿ ಸರ್. ಖರೇ ಅಂದ್ರ ಇಲ್ಲಿ ಬೇಕಾಗಿಲ್ಲರಿ. ಆದ್ರ ಬರೀಲಿಲ್ಲಂದ್ರ ನಮ್ಮ ಸರ್ ಸಿಟ್ಟಾಗ್ತಾರ್ರಿ.”

ಲ್ಯಾಬ್ ಸರ್ ಸೀಲಿಂಗ್ ಫ್ಯಾನು ನೋಡತೊಡಗಿದರು. (ಫ್ಯಾನು ಕೆಟ್ಟು ನಿಂತಿತ್ತು.) ಹಿರಿಯರು ಎರಡನೆಯ ಪ್ರಶ್ನೆ ಕೇಳಲೇ ಇಲ್ಲ. “ಪಾಸಾದಿ, ಹೋಗು,” ಅಂದರು.

ಮುಂದಿನ ಪಾಳಿ ನನ್ನದು. ಅದೇ ಪ್ರಶ್ನೆ. ಅವಳ ಉತ್ತರವನ್ನು ಅವಳ ಏರಿಳಿತದ ಸಮೇತ ಒಪ್ಪಿಸಿದೆ.

“ಇದು ಆ ಹುಡುಗಿಯ ಉತ್ತರ. ನಿನ್ನದು ಹೇಳು,” ಅಂದರು.

ಬಹಳ ಬೆವರಿ, ಬಹಳ ತೊದಲಿ, ಹೇಗೋ ಪಾಸಾದೆ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಅವರಪ್ಪನ ಕಾಯ್ದೆ ಪ್ರಕಾರ ಶಿವಲೀಲಾ ಪಾಸು, ರಾಮದುರ್ಗ ಕ್ಯಾನ್ಸಲ್. ಆದರೆ ಅದೇ ವಾರದ ಗುರುವಾರ ರಾಮದುರ್ಗದವರು ಜೀಪು ಮಾಡಿಕೊಂಡು ನೇಸರಗಿಗೆ ಬಂದಿಳಿದರು! “ಬರ್ರಿ, ಕುಂತ್ರಿ,” ಎಂದು ಅವರಪ್ಪ ಜಮಖಾನೆ ಹಾಸಿದರು. (ಇದನ್ನೆಲ್ಲ ನನಗೆ ಹೇಳಿದ್ದು ಶಿವಲೀಲಾ. ಅವರಪ್ಪನ ದನಿ ಮಾತ್ರ ನಾನು ಸೇರಿಸಿದ್ದು.)

ಚಹಾದ ತಾಟು ಹಿಡಿದು ಬಂದವಳು ತಾಟು ಕೆಳಗಿಟ್ಟು, ಬೀಗರ ಎದುರಿಗೇ ಅಪ್ಪನನ್ನು ಕೇಳಿದಳಂತೆ. ಜಗಳದ ದನಿಯಲ್ಲಿ ಅಲ್ಲ, ಲೆಕ್ಕ ತಿಳಿಯದವರು ಕೇಳುವಂತೆ.

“ಅಪ್ಪಾ, ಫೇಲಾದ್ರ ಲಗ್ನ ಅಂದಿದ್ದಿ. ಪಾಸಾದೆ. ಪಾಸಾದ್ರೂ ಲಗ್ನ. ಹಂಗಾರ ಆ ಪರೀಕ್ಷಾದ ಮಾತ ಯಾಕ ಹಾಕಿದ್ದಿ? ತಗದ್ರೂ ಏನೂ ಫರಕ್ ಆಗತಿದ್ದಿಲ್ಲಲ್ಲ?”

ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಲಕ್ಕಿ ಪೂರ್ತಿ ಮುಗಿಸಿದರು. ಆಮೇಲೆ ಅವರಲ್ಲೊಬ್ಬ ಹಿರಿಯ, “ಹುಡಿಗಿ ಇನ್ನೂ ಕಲೀಲಿ ಬಿಡ್ರಿ,” ಎಂದು ಎದ್ದನಂತೆ. ಅವನ ದನಿಯಲ್ಲಿ ಇದ್ದದ್ದು ಮೆಚ್ಚುಗೆಯೋ ಹೆದರಿಕೆಯೋ ಶಿವಲೀಲಾಗೂ ತಿಳಿಯಲಿಲ್ಲ.

ಮರುದಿನ ನಮ್ಮ ಅಂಗಡಿಗೆ ನೇಸರಗಿಯಿಂದ ಫೋನು.

“ಏನ್ರೀ ಸಾವಕಾರ್ರ, ನಿಮ್ಮ ಕಂಪ್ಯೂಟರಿನ್ಯಾಗ ಅದೇನ ಹಾಕೀರಿ? ಮದಲ ನಮ್ಮ ಹುಡಿಗಿ ಹಿಂಗಿರಲಿಲ್ಲ. ಮನ್ಯಾಗ ಏನ ಹೇಳಿದ್ರೂ ‘ಇದ ತಗದ್ರ ಏನಾಗತೈತಿ’ ಅಂತಾಳ. ಮದಲಿಂದ ಒಂದ ಇತ್ತಂತಲ್ಲ, ಅದನ್ನ ವಾಪಸ್ ಹಾಕಸ್ರಿ.”

ಅಪ್ಪ ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಹಿಂಡಿ ಚೀಲ ನೋಡಿದರು. “ಹಾಕಸೋಣಂತ್ರಿ. ಹಾಕಾವ ಊರಾಗ ಇಲ್ಲ,” ಎಂದು ಫೋನಿಟ್ಟರು.

ನಿಜವೆಂದರೆ, ಮಹಾಂತೇಶಣ್ಣ ಆ ಫೋನಿನ ಹಿಂದಿನ ದಿನವೇ ಸವದತ್ತಿಯಿಂದ ಬಂದಿದ್ದಾನೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವುದನ್ನು ಅಪ್ಪನೂ ನೋಡಿದ್ದಾರೆ, ನಾನೂ ನೋಡಿದ್ದೇನೆ. ಫಾರ್ಮ್ಯಾಟ್ ಸಿಡಿ ಹಿಡಿದು ಯಾವ ಗಳಿಗೆಯಲ್ಲಾದರೂ ಬರಬಹುದು.

ಬಂದರೆ, ನಾವು ಯಾರೂ ಮನೆಯಲ್ಲಿಲ್ಲ.