ಮೊದಲೇ ಇತ್ತು ಮೇಸ್ತ್ರಿ

ನನ್ನ ಗಂಡನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಈಗ ಯಾರಿಗೂ ನೆನಪಿಲ್ಲ. ಎಲ್ಲರ ಬಾಯಲ್ಲೂ ಅವರು ‘ಮೊದಲೇ ಇತ್ತು ಮೇಸ್ತ್ರಿ’. ಬಿರುಕು ಬಿಟ್ಟ ಗೋಡೆ, ಎದ್ದ ಟೈಲ್ಸು, ಸೋರೋ ನಲ್ಲಿ, ಇವನ್ನೆಲ್ಲ ರಿಪೇರಿ ಮಾಡೋದು ಇವರ ಕೆಲಸ. ಕೆಲಸಕ್ಕೆ ಹೆಸರಿಡೋ ಹಾಗಿಲ್ಲ. ಆದರೆ ಸುತ್ತಿಗೆ ಎತ್ತೋಕೆ ಮುಂಚೆ ಒಂದು ನಾಟಕ ಇದೆ ನೋಡಿ, ನನ್ನ ಮಾನ ಹೋಗೋದು ಅಲ್ಲೇ. ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸ್ತಾರೆ. ಬೆರಳು ಮಡಚಿ ಗೋಡೆನ ಟಕಟಕ ತಟ್ಟಿ ಟೊಳ್ಳು ಸದ್ದು ಕೇಳಿಸ್ತಾರೆ. ಬಿರುಕು ಸಿಕ್ಕಿತೋ, ಒಬ್ಬೊಬ್ಬರೂ ಅದರ ಮೇಲೆ ಅಂಗೈ ಇಟ್ಟು “ಇದು ಮೊದಲೇ ಇತ್ತು” ಅಂತ ಗಟ್ಟಿಯಾಗಿ ಹೇಳಬೇಕು. ಒಂದು ಮನೇಲಿ ನಡೆಯಲಾರದ ಅಜ್ಜಿನ ಕುರ್ಚಿ ಸಮೇತ ಎತ್ತಿಕೊಂಡು ಬಂದು ಹೇಳಿಸಿದ್ದರು. ಅಜ್ಜಿ ಗೋಡೆ ಮುಟ್ಟಿ ಹೇಳಿದ ಮೇಲೆ ತನ್ನ ಮಂಡಿ ಮುಟ್ಟಿಕೊಂಡು “ಇದೂ ಮೊದಲೇ ಇತ್ತಪ್ಪಾ” ಅಂದಿತಂತೆ.

“ಏನ್ರೀ ಇದು ಹುಚ್ಚು?” ಅಂದರೆ, “ಒಳಗಿನ ಹುಳುಕು ಅವರದು, ಸುತ್ತಿಗೆ ಮಾತ್ರ ನಂದು. ಟೈಲ್ಸ್ ತೆಗೆದಾಗ ಗೋಡೆ ಉದುರಿದರೆ ಯಾರನ್ನ ಹಿಡೀತಾರೆ, ಗೋಡೆನಾ?” ಅಂತಾರೆ.

ಕ್ಷೌರಕ್ಕೆ ಕೂತರೂ ಅಷ್ಟೇ. ಕಿವಿ ಹಿಂದಿನ ಹಳೇ ಗಾಯ ತೋರಿಸಿ, ಒಪ್ಪಿಸಿಕೊಂಡೇ ತಲೆ ಬಗ್ಗಿಸೋದು. ಮದುವೆಗೆ ಮುಂಚೆ ನನ್ನೆದುರು ನಿಂತು ಬಾಯಿ ಅಗಲಿಸಿ, ಸೊಟ್ಟ ಹಲ್ಲು ತೋರಿಸಿ, “ಇದು ಮೊದಲೇ ಇದೆ, ಆಮೇಲೆ ಅನ್ನಬಾರದು” ಅಂದ ಪುಣ್ಯಾತ್ಮ ಇವರು. ನಗು ತಡೆಯೋಕಾಗದೆ ಒಪ್ಪಿಬಿಟ್ಟೆ.

ಇಂಥವರು ನಾಟಕ ಬಿಟ್ಟಿದ್ದು ಒಂದೇ ಸಲ, ನಮ್ಮಕ್ಕನ ಮನೇಲಿ. ಬಚ್ಚಲಲ್ಲಿ ನಲ್ಲಿ ಸೋರುತ್ತಿತ್ತು, ಅದರ ಪಕ್ಕದ ಟೈಲ್ಸ್ ಒಂದು ತೆಗೀಬೇಕಿತ್ತು. ಇವರು ತಟ್ಟೋಕೆ ಬೆರಳು ಮಡಚಿದ್ದೇ ತಡ, ಅಕ್ಕ ಮುಖ ಊದಿಸಿಕೊಂಡಳು. “ನಮ್ಮನೇಲೂ ಸಾಕ್ಷಿ ಬೇಕೇನ್ರೀ? ನಾವೇನು ಹೊರಗಿನವರಾ?” ನಾನೂ ಇವರ ಬೆನ್ನಿಗೆ ತಿವಿದೆ. ಪಾಪ, ತೆಪ್ಪಗೆ ಉಳಿ ಇಟ್ಟು ಒಂದೇ ಒಂದು ಏಟು ಹಾಕಿದರು.

ದಢಾರ್!

ಟೈಲ್ಸ್ ಜೊತೆ ಗೋಡೆನೂ ಬಂತು. ಧೂಳು ಇಳಿದ ಮೇಲೆ ನೋಡಿದರೆ ಕಿಟಕಿಯಷ್ಟು ದೊಡ್ಡ ತೂತು. ಆಚೆ ಮಲಗೋ ಕೋಣೆ. ಮಂಚದ ಮೇಲೆ ಅಕ್ಕನ ಗಂಡ, ನಮ್ಮ ಭಾವ, ಪೇಪರ್ ಹಿಡಿದುಕೊಂಡೇ ಹಿಟ್ಟಿನ ಡಬ್ಬಕ್ಕೆ ಬಿದ್ದವರ ಹಾಗೆ ಬೆಳ್ಳಗೆ ಕೂತಿದ್ದಾರೆ. ಗಾಬರಿಯಲ್ಲಿ ಇವರು, “ಚೆನ್ನಾಗಿದೀರಾ ಭಾವ?” ಅಂದರು.

“ಹೂಂ, ಬಾ ಒಳಗೆ” ಅಂದರು ಭಾವ.

ಅಕ್ಕ ಮಾತ್ರ ಮನೆ ಮಾಳಿಗೆ ಹಾರಿಹೋಗೋ ಹಾಗೆ ಕೂಗಿದಳು. “ಒಂದು ಟೈಲ್ಸ್ ತೆಗೀರಿ ಅಂದರೆ ಗೋಡೆ ಕೆಡವಿದಿರಲ್ರೀ! ಮೊದಲಿದ್ದ ಹಾಗೆ ಕಟ್ಟಿಕೊಡಿ. ಅಲ್ಲೀವರೆಗೂ ನೀವೂ ಬೇಡ, ನಿಮ್ಮ ಹೆಂಡತಿನೂ ಬೇಡ, ನನ್ನ ಹೊಸಿಲು ತುಳೀಬೇಡಿ!” ನನಗೆ ಇರೋಳು ಒಬ್ಬಳೇ ಅಕ್ಕ. ಮೇಲಾಗಿ ಅವಳ ಬಾಯಿಗೆ ಬಿದ್ದ ಸುದ್ದಿ ಸಂಜೆಯೊಳಗೆ ಊರೆಲ್ಲ ಸುತ್ತುತ್ತೆ. ಗೋಡೆ ಕೆಡವೋ ಮೇಸ್ತ್ರಿ ಅಂತ ಹೆಸರು ಬಂದರೆ ಇವರನ್ನ ಇನ್ಯಾರು ಕರೀತಾರೆ?

ವಿಚಿತ್ರ ಅಂದರೆ ಇವರು ಇಟ್ಟಿಗೆ ರಾಶಿ ಮೇಲೆ ಕಾಲೂರಿ ಕಲ್ಲಿನ ಹಾಗೆ ನಿಂತುಬಿಟ್ಟರು. “ನಂದೇ ತಪ್ಪು ಅಕ್ಕಾ, ಕಟ್ಟಿಕೊಡ್ತೀನಿ” ಅಂದರು. ನನಗೆ ಮೈ ಉರಿದುಹೋಯ್ತು. ಜೀವನವಿಡೀ ಸಾಕ್ಷಿ ಸಾಕ್ಷಿ ಅಂತ ಪ್ರಾಣ ತಿಂದ ಮನುಷ್ಯ!

“ಸರೀರಿ, ಈ ರಾಶಿನಾದರೂ ಬಳಿದು ಹಾಕ್ತೀನಿ” ಅಂದೆ.

“ಬೇಡ ಕಣೇ, ಬಿಡು.”

ಬಿಡೋಳಲ್ಲ ನಾನು. ಇವರನ್ನ ಪಕ್ಕಕ್ಕೆ ನೂಕಿ ಕೈ ಹಾಕಿದರೆ ಇಟ್ಟಿಗೆ ನಡುವೆ ಉಣ್ಣೆ ಸಿಕ್ಕಿತು. ಎಳೆದೆ. ಹಸಿರು ಪಟ್ಟೆ, ಹಳದಿ ಪಟ್ಟೆ. ಅಯ್ಯೋ, ನಾನು ಭಾವನಿಗೆ ಅಂತ ಕಣ್ಣು ಸೋತು ಹೆಣೆದಿದ್ದ ಸ್ವೆಟರ್! ಒಣಹಾಕಿದ್ದಾಗ ಕಳುವಾಯ್ತು ಅಂದಿದ್ದರಲ್ಲ, ಅದೇ. ಇವರು ಕಾಲೂರಿ ಮುಚ್ಚಿಟ್ಟಿದ್ದು ಇದನ್ನೇ.

ಎಲ್ಲರೂ ತೂತಿನ ಕಡೆ ನೋಡಿದೆವು. ಭಾವ ಪೇಪರ್ ಮೇಲೆತ್ತಿ ಮುಖ ಮುಚ್ಚಿಕೊಂಡರು. ಹಿಂದಿನಿಂದ ದನಿ ಬಂತು. “ಟವಲ್ ಹಾಕೋಕೆ ಒಂದು ಮೊಳೆ ಹೊಡೆಯೋಣ ಅಂತ ಹೋದೆ. ಇಟ್ಟಿಗೆಗಳೇ ಉದುರಿದವು. ಕೈಗೆ ಸಿಕ್ಕಿದ್ದು ತುರುಕಿ ಸಿಮೆಂಟು ಮೆತ್ತಿ, ಮೇಲೆ ಟೈಲ್ಸ್ ಅಂಟಿಸಿದೆ.”

“ಅಯ್ಯೋ ನಿಮ್ಮ! ಪಕ್ಕದ ಮನೆಯವಳೇ ಕದ್ದಳು ಅಂತ ನಾನು ಇವತ್ತಿಗೂ ಅವಳ ಮುಖ ನೋಡಲ್ಲವಲ್ರೀ!” ಅಂದಳು ಅಕ್ಕ.

ನಾನು ತೂತಿನ ಅಂಚಿಗೆ ಅಂಗೈ ಇಟ್ಟೆ. ಇಷ್ಟು ವರ್ಷ ಯಾವ ನಾಟಕ ನೋಡಿ ನಾಚಿಕೊಂಡಿದ್ದೆನೋ ಅದನ್ನೇ ಗಂಟಲು ಹರಿಯೋ ಹಾಗೆ ಆಡಿದೆ. “ಇದು ಮೊದಲೇ ಇತ್ತು!” ಅಕ್ಕನೂ ಕೈ ಇಟ್ಟು ಸಣ್ಣಗೆ ಹೇಳಿದಳು. ಆಚೆಯಿಂದ ಭಾವನ ಬಿಳೀ ಕೈಯೂ ಬಂತು.

ಇವರು ಸ್ವೆಟರ್ ಕೊಡವಿ ಎತ್ತಿಹಿಡಿದರು. ಒಂದು ತೋಳು ಉದ್ದ, ಇನ್ನೊಂದು ಮೊಣಕೈಗೇ ಮುಗಿದಿತ್ತು. ನಾನು ಹೆಣೆದಿದ್ದೇ ಹಾಗೆ. ಕೊಡೋವಾಗ ಆ ಗಿಡ್ಡ ತೋಳನ್ನ ಮಡಚಿ ಒಳಗೆ ಸೇರಿಸಿದ್ದೆ. ನನ್ನ ಮುಖ ಕೆಂಪಾಯ್ತು. ಅದನ್ನು ನೋಡಿದ್ದೇ ಭಾವನಿಗೆ ಧೈರ್ಯ ಬಂತು. ತೂತಿನಿಂದ ತಲೆ ಹಾಕಿ, “ಮೇಸ್ತ್ರಿ, ಆ ತೋಳು ನೋಡಿ ನಿನ್ನ ಆ ಮಾತು ಹೇಳಪ್ಪ” ಅಂದರು.

ಇವರು ತೋಳು ನೋಡಿದರು, ನನ್ನ ನೋಡಿದರು.

“ಗೋಡೆ ಒಳಗೆ ಒದ್ದೆಯಾಗಿ ಕುಗ್ಗಿದೆ ಭಾವ” ಅಂದರು.