ಸಾರಿಸಿದ್ದು ತಮ್ಮನೋ, ಅಕ್ಕನೋ?

ತೆಂಗಿನ ಗರಿಗಳ ಮೇಲಿನ ಮಂಜು ಇನ್ನೂ ಇಳಿದಿಲ್ಲ. ದುದ್ದದಿಂದ ಒಳಕ್ಕೆ ತಿರುಗುವ ರಸ್ತೆಯಲ್ಲಿ, ಹಾಲಿನ ಡೇರಿಯ ಎದುರಿಗೆ ಹೆಂಚು ಹೊದಿಸಿದ ಒಂದು ಪುಟ್ಟ ಚರ್ಚಿದೆ. ಬಾಗಿಲು ತೆರೆದಿದೆ. ಒಳಗೆ ಎಪ್ಪತ್ತರ ಹೆಂಗಸೊಬ್ಬರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಂಡಿಯೂರಿ, ಒದ್ದೆ ಬಟ್ಟೆಯಲ್ಲಿ ಕೆಂಪು ಗಾರೆ ನೆಲ ಒರೆಸುತ್ತಿದ್ದಾರೆ. ಸಭೆಯವರು ತಂದುಕೊಟ್ಟ ಕೋಲಿನ ಮಾಪು ಮೂಲೆಯಲ್ಲಿ ನಿಂತಿದೆ. ಅದರ ಪ್ಲಾಸ್ಟಿಕ್ ಕವರನ್ನೂ ಬಿಚ್ಚಿಲ್ಲ.

"ನಿಂತ್ಕಂಡು ಒರೆಸೋದು ಒಂದು ಒರೆಸೋದಾ ಸಾ? ನೆಲಕ್ಕೆ ಟಾಟಾ ಮಾಡ್ದಂಗೆ ಅದು."

ಕತೆ ಬರೆದುಕೊಳ್ಳಲು ಬಂದ ನಮಗೆ ಹೀಗೆ ಹೇಳಿದವರ ಹೆಸರು ದೊಡ್ಡಮ್ಮ. ನೆಂಟಸ್ತಿಕೆಯ ದೊಡ್ಡಮ್ಮನಲ್ಲ, ಹೆತ್ತವರು ಇಟ್ಟ ಹೆಸರೇ ಅದು. ಅಷ್ಟರಲ್ಲಿ ಹೊರಗೆ ಟಿವಿಎಸ್ ಬಂದು ನಿಲ್ಲುತ್ತದೆ. ಬಿಳಿ ಶರಟು, ಹೆಗಲಿಗೆ ಬಟ್ಟೆಯ ಚೀಲ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೊಸ್ತಿಲಾಚೆ ನಿಂತವರು ಈ ಸಭೆಯ ಪಾಲಕರು, ರೆವರೆಂಡ್ ಲಕ್ಕಯ್ಯ. ವಯಸ್ಸು ಅರವತ್ತೈದು. ಸುತ್ತಲ ಹಳ್ಳಿಯವರಿಗೆಲ್ಲ 'ಅಯ್ನೋರು'.

"ಬರ್ಲಾ ಅಕ್ಕ?"

"ಒಣಗ್ಲಿ ತಡಿಯಲಾ ಲಕ್ಕ. ಅಂಗೇ ನುಗ್ಬುಡ್ತಾನೆ."

ಅಯ್ನೋರು ತಮ್ಮದೇ ಚರ್ಚಿನ ಹೊರಗೆ, ತಪ್ಪು ಮಾಡಿದ ಶಾಲೆ ಹುಡುಗನಂತೆ ನಿಲ್ಲುತ್ತಾರೆ. ನೆಲ ಒಣಗುವವರೆಗೂ ಅಕ್ಕ ಬಿಡುವುದಿಲ್ಲ. "ನಂಗೆ ನೆಲದ ವಿಷ್ಯದಲ್ಲಿ ಒಟ್ಟೆಕಿಚ್ಚು ಜಾಸ್ತಿ ಸಾ," ಎಂದು ದೊಡ್ಡಮ್ಮ ಬಟ್ಟೆ ಹಿಂಡುತ್ತಾರೆ. "ಯಾಕೆ ಅಂತ ಅವನ್ನೇ ಕೇಳಿ. ಊರೂರಿಗೆ ಕತೆ ಯೋಳ್ಕಂಡು ಬಂದವ್ನೆ."

ಆ ಕತೆ ಈ ಜಿಲ್ಲೆಯ ಕ್ರೈಸ್ತ ಮನೆಗಳಲ್ಲಿ ಬಹಳ ಜನರಿಗೆ ಗೊತ್ತು. ಅಯ್ನೋರು ಅರಕಲಗೂಡಿನಲ್ಲಿದ್ದರು, ಹೊಳೆನರಸೀಪುರದಲ್ಲಿದ್ದರು, ಚನ್ನರಾಯಪಟ್ಟಣದಲ್ಲಿದ್ದರು, ಕಡೆಗೆ ಹುಟ್ಟಿದೂರಿಗೇ ಬಂದರು. ಹೋದಲ್ಲೆಲ್ಲ ಮೊದಲ ಆರಾಧನೆಯಲ್ಲಿ ತಾವು ನಂಬಿಕೆಗೆ ಬಂದ ಬಗೆಯನ್ನು ಸಾಕ್ಷಿಯಾಗಿ ಹೇಳುತ್ತಾರೆ. ಬರುವ ಭಾನುವಾರ ಅವರ ನಿವೃತ್ತಿಯ ಆರಾಧನೆ. ಅಂದು ಆ ಸಾಕ್ಷಿ ಕೊನೆಯ ಸಲ. ಅಕ್ಕನ ಕಣ್ಣೆಲ್ಲ ಅದರ ಮೇಲೆಯೇ ಇದೆ.

ಕತೆ ಶುರುವಾಗುವುದು ಹಸಿವಿನಿಂದ. ಅಪ್ಪ ಸಕಲೇಶಪುರದ ಕಡೆ ಕಾಫಿ ತೋಟದ ಕೂಲಿಗೆ ಹೋದವನು ತಿರುಗಿ ಬರಲಿಲ್ಲ. ಅವ್ವ ಊರಿನ ದೊಡ್ಡ ಮನೆಯೊಂದರ ಕೊಟ್ಟಿಗೆ ಬಾಚಿ, ಅಂಗಳ ಸಾರಿಸಿ ಎರಡು ಮಕ್ಕಳನ್ನು ಸಾಕಿದಳು. ಹಿಟ್ಟು ತೊಳಸಿದ ಮಡಕೆಯ ತಳದಲ್ಲಿ ಸೀದು ಹತ್ತಿದ್ದು ಸಿಕ್ಕಿದ ದಿನ ಹಬ್ಬ. "ಅದನ್ನ ಕೆರೆಯೋಕೆ ನಮ್ಮಿಬ್ರಿಗೂ ಜಗಳ," ಎಂದು ಅಯ್ನೋರು ನಗುತ್ತಾರೆ. "ಅಕ್ಕ ದೊಡ್ಡ ಚೂರು ನನಗೆ ಕೊಡೋಳು. ಕೊಟ್ಟು, ತಿನ್ನೋವಾಗ ದುರುಗುಟ್ಟಿ ನೋಡೋಳು."

"ನೋಡ್ದೆ ಇನ್ನೇನ್ ಮಾಡ್ಲಿ? ನಂಗೂ ಅಸಿವಿತ್ತು."

ದೇವರ ಹುಡುಕಾಟವೂ ಹಸಿವಿನಷ್ಟೇ ಹಳೆಯದು. ಅಕ್ಕ ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡು ಸುತ್ತಲ ಗುಡಿಗಳಿಗೆಲ್ಲ ಹೋಗುತ್ತಿದ್ದಳು. ಆಗ ಅಂಥ ಮಕ್ಕಳಿಗೆ ಹೊರಗೆ ನಿಲ್ಲಲು ಮಾತ್ರ ಅಪ್ಪಣೆ. ದೂರದಿಂದಲೇ ಕೈ ಮುಗಿದು ಕೇಳುತ್ತಿದ್ದದ್ದು ಒಂದೇ, ಅಪ್ಪನನ್ನು ಕಳಿಸಿಕೊಡು ಅಂತ. ಒಂದು ಭಾನುವಾರ ದನ ಮೇಯಿಸುವಾಗ ಈ ಚರ್ಚಿನ ಹಾಡು ಕಿವಿಗೆ ಬಿತ್ತು. ಹಾಸನದಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಉಪದೇಶಿಯೊಬ್ಬರು ಕಿಟಕಿಯಲ್ಲಿ ಎರಡು ತಲೆ ಕಂಡು, ಒಳಗೆ ಬನ್ನಿ ಎಂದರು.

ದೊಡ್ಡಮ್ಮ ಈಗಲೂ ಆ ಮಾತಿಗೆ ಬಂದಾಗ ಒರೆಸುವುದನ್ನು ನಿಲ್ಲಿಸುತ್ತಾರೆ. "ಒಳೀಕೆ ಬನ್ನಿ ಅಂತ ನಮ್ಗೆ ಯಾರೂ ಅಂದಿರ್ನಿಲ್ಲ ಸಾ. ಓಗಿ ಕುಂತ್ವಿ. ದೇವ್ರುನ್ನ ಅಪ್ಪಾ ಅಂತ ಕರೀಬೌದು ಅಂತ ಅವ್ರು ಯೋಳ್ಕೊಟ್ರು. ಇವ್ನು ಅಲ್ಲೇ ಎದ್ದು, ನಮ್ಮಪ್ಪ ಕಾಫಿ ತ್ವಾಟದಾಗವ್ನೆ, ಅವನ್ನೂ ಕರೀಬೌದಾ ಅಂದ. ಎಲ್ರೂ ನಕ್ರು. ನಾನು ನಗ್ನಿಲ್ಲ. ನಾನೂ ಅದನ್ನೇ ಕೇಳ್ಬೇಕು ಅಂತಿದ್ದೆ."

ಹಾಡುಗಳನ್ನೆಲ್ಲ ಮೊದಲು ಕಲಿತದ್ದು ಅಕ್ಕ. ತಮ್ಮನಿಗೆ ಬಾಯಿಪಾಠ ಮಾಡಿಸಿದ್ದೂ ಅವಳೇ, ದನದ ಹಿಂದೆ ನಡೆಯುತ್ತ.

ಆ ವರ್ಷ ಚರ್ಚಿಗೆ ಹೊಸದಾಗಿ ಕೆಂಪು ಗಾರೆ ನೆಲ ಹಾಕಿಸಿದರು. ಸುತ್ತಮುತ್ತ ಮಣ್ಣಿನ ನೆಲವೇ ಇದ್ದ ಕಾಲ, ಕನ್ನಡಿಯಂಥ ಆ ನೆಲವನ್ನು ನೋಡಲೆಂದೇ ಜನ ಬರುತ್ತಿದ್ದರು. ಕ್ರಿಸ್‌ಮಸ್ ದಿನ ಹಾಸನದ ದೊಡ್ಡ ಅಯ್ನೋರು ಬಂದು ಅದನ್ನು ಪ್ರತಿಷ್ಠೆ ಮಾಡುವುದೆಂದು ಗೊತ್ತಾಯಿತು. ಬೆಳಗ್ಗೆ ಬಿಳಿ ಬಟ್ಟೆ ಉಟ್ಟು ಬಂದವರು ಬಾಗಿಲು ತೆರೆದರೆ ಒಳಗೆಲ್ಲ ಸಗಣಿ. ಮೂಲೆಯಿಂದ ಮೂಲೆಗೆ ಒಂದಿಂಚೂ ಬಿಡದೆ ಸಾರಿಸಿದ್ದಾರೆ, ಬಾಗಿಲಲ್ಲಿ ರಂಗೋಲಿ ಬೇರೆ. ಹಿರಿಯರು ಕೆಂಡವಾದರು. ಯಾರೋ ಬೇಕೆಂದೇ ದೇವಾಲಯವನ್ನು ಹೊಲಸು ಮಾಡಿದ್ದಾರೆ ಎಂದು ಇಬ್ಬರು ದೊಣ್ಣೆ ಹುಡುಕಿಕೊಂಡು ಹೊರಟೇಬಿಟ್ಟರು.

ಆಗ ಮೂಲೆಯಲ್ಲಿ ಬುಟ್ಟಿಯ ಪಕ್ಕ ಮುದುರಿ ಮಲಗಿದ್ದ ಹುಡುಗ ಎದ್ದು ಕುಳಿತ. ಏಳು ವರ್ಷದ ಲಕ್ಕ. ಕೈ ತುಂಬ ಸಗಣಿ.

ಯಾಕಪ್ಪ ಹೀಗೆ ಮಾಡಿದೆ ಎಂದು ದೊಡ್ಡ ಅಯ್ನೋರು ಕೇಳಿದರು. "ಸ್ವಾಮಿ ಹುಟ್ತಾನೆ ಅಂದ್ರಲ್ಲ," ಎಂದ ಹುಡುಗ. ಮನೆಗೆ ಕೂಸು ಬರುತ್ತದೆಂದರೆ ನೆಲ ಸಾರಿಸಬೇಕು, ಅವನಿಗೆ ಗೊತ್ತಿದ್ದದ್ದು ಅಷ್ಟೇ. ದೊಡ್ಡ ಅಯ್ನೋರು ಬಿಳಿ ನಿಲುವಂಗಿಯಲ್ಲಿ ಆ ಹಸಿ ನೆಲದ ಮೇಲೇ ಕುಳಿತು ಹುಡುಗನನ್ನು ತೊಡೆಗೆ ಎಳೆದುಕೊಂಡರು. ಅವತ್ತಿನ ಆರಾಧನೆ ಸಗಣಿಯ ಮೇಲೆಯೇ ನಡೆಯಿತು. ಬೇಸಿಗೆ ಕಳೆಯುತ್ತಲೇ ಹುಡುಗ ಹಾಸನದ ಹುಡುಗರ ಹಾಸ್ಟೆಲ್ಲಿಗೆ ಹೋದ. ಓದು, ದೀಕ್ಷೆ, ಪಾಲಕನ ನಿಲುವಂಗಿ ಎಲ್ಲವೂ ಆ ನೆಲದಿಂದಲೇ ಬಂದವು.

ಇಲ್ಲಿಗೆ ಅಯ್ನೋರ ಸಾಕ್ಷಿ ಮುಗಿಯುತ್ತದೆ, ಕೇಳಿದವರು ಕಣ್ಣೊರೆಸಿಕೊಳ್ಳುತ್ತಾರೆ. ದೊಡ್ಡಮ್ಮನ ಉರಿ ಶುರುವಾಗುವುದೂ ಇಲ್ಲಿಂದಲೇ.

"ಸಾರಿಸಿದ್ದು ನಾನು ಸಾ! ಏಳು ವರ್ಸದ ಕೂಸು ಅಷ್ಟು ನೆಲ ಸಾರಿಸ್ತದಾ? ಬುಟ್ಟಿ ಇಡ್ಕಂಡಿದ್ದ ಅಷ್ಟೇಯ. ಕೋಳಿ ಕೂಗೋ ಒತ್ಗೆ ಅವ್ವ ಕೊಟ್ಟಿಗೆಗೆ ಬಾ ಅಂದ್ಲು, ನಾನು ಓದೆ. ಬರೋ ಒತ್ಗೆ ಇವನು ಅಯ್ನೋರ ತೊಡೆ ಮ್ಯಾಲೆ ಕುಂತವ್ನೆ, ಬಾಯಲ್ಲಿ ಕೇಕು!"

ಹನ್ನೆರಡು ವರ್ಷದ ದೊಡ್ಡಮ್ಮ ಉಪದೇಶಿಯ ಬಳಿ ಹೋಗಿ, ನಾನು ಮಾಡಿದ್ದು ಎಂದಳು. ಅವರು ತಲೆ ಸವರಿ, ತಮ್ಮನಿಗೆ ಸಹಾಯ ಮಾಡಿದೆಯಾ, ಒಳ್ಳೇದು ಮಗಳೇ ಎಂದರು. ಅವ್ವನಿಗೆ ಹೇಳಿದರೆ, "ನೀನೂ ಓದಕ್ಕೋದ್ರೆ ಕೊಟ್ಟಿಗೆ ಯಾರು ಬಾಚೋರು?" ಎಂದಳು. ಆ ಮಾತು ಅಲ್ಲಿಗೆ ನಿಂತಿತು. ಮದುವೆ ದಂಡಿಗನಹಳ್ಳಿಯ ಕಡೆಗಾಯಿತು. ಗಂಡ ಬೇಗ ತೀರಿಕೊಂಡ. ತಿರುಗಿ ಬಂದವರು ಚರ್ಚಿನ ನೆಲ ಹಿಡಿದರು. ಅಂದಿನಿಂದ ಗಂಟೆ ಹೊಡೆಯುವುದು, ದೀಪ, ಹೂವು, ನೆಲ ಎಲ್ಲ ಅವರದೇ.

ತಮ್ಮ ಈ ಕತೆಯನ್ನು ಊರೂರಿಗೆ ಹೇಳುತ್ತಾನೆಂದು ಅವರಿಗೆ ತಿಳಿದದ್ದು ಅರಕಲಗೂಡಿನಲ್ಲಿ. "ಇತ್ಲಲ್ಲಿ ಬೆಳೆದ ಕುಂಬಳಕಾಯಿ ತಲೆ ಮ್ಯಾಲೆ ಒತ್ಕಂಡು ತಮ್ಮನ ಮನೆಗೆ ಅಂತ ಓಗಿದ್ದೆ ಸಾ. ಚರ್ಚಲ್ಲಿ ಹಿಂದ್ಗಡೆ ಕುಂತೆ. ಇವನು ಮ್ಯಾಲೆ ನಿಂತ್ಕಂಡು, ನಾನು ಸಾರಿಸ್ದೆ, ನಾನು ಸಾರಿಸ್ದೆ ಅಂತಾವ್ನೆ. ಪಕ್ಕದಲ್ಲಿದ್ದೋಳು ಗೊಳೋ ಅಂತ ಅಳ್ತಾವ್ಳೆ. ನನ್ ಸಗಣಿಗೆ ಅವ್ಳ್ಯಾಕೆ ಅಳ್ಬೇಕು? ಎದ್ದು ಬಂದ್ಬುಟ್ಟೆ."

"ಕುಂಬಳಕಾಯಿ?"

"ಅದ್ನೂ ವಾಪಸ್ ತಂದೆ!"

ದುದ್ದದ ಬಸ್ ನಿಲ್ದಾಣದಲ್ಲಿ ಟೀ ಹೋಟೆಲು ಇಟ್ಟಿರುವ ಪಾಲಾಕ್ಷ ಅವರಿಗೆ ಈ ಜಗಳ ಪರಿಚಿತ. "ನಮ್ದು ಶಿವನ ಮನೆತನ. ಆದ್ರೂ ನಮ್ಮ ತಂದೆ ಹಾಸಿಗೆ ಹಿಡಿದಾಗ ದಿನಾ ಬಂದು ಕೂರ್ತಿದ್ದೋರು ಲಕ್ಕಯ್ಯ ಅಯ್ನೋರೇ. ಪ್ರಾರ್ಥನೆ ಗೀರ್ಥನೆ ಏನಿಲ್ಲ, ಸುಮ್ನೆ ಕಾಲು ಒತ್ತೋರು," ಎನ್ನುತ್ತಾರೆ. ಟೀ ಸೋಸುತ್ತ ದನಿ ತಗ್ಗಿಸಿ, "ಎದುರಿಗೆ ಹೊಗಳ್ಬೇಡಿ ಮತ್ತೆ. ದೊಡ್ಡಮ್ಮಂಗೆ ಸುದ್ದಿ ಮುಟ್ಟಿದ್ರೆ ಅವತ್ತು ಅಯ್ನೋರಿಗೆ ಸಪ್ಪೆ ಸಾರು."

ನಿಜವೇ ಎಂದರೆ ಅಯ್ನೋರು ತಲೆಯಾಡಿಸುತ್ತಾರೆ. ಅವರ ದಿನ ಪೂರ್ತಿ ಟಿವಿಎಸ್ ಮೇಲೆ. ಹಾಸಿಗೆ ಹಿಡಿದವರ ಮನೆ, ಪಿಂಚಣಿ ನಿಂತುಹೋದ ಮುದುಕಿಯ ಜೊತೆಗೆ ತಾಲ್ಲೂಕು ಕಚೇರಿ, ಸತ್ತವರಿಗೆ ಗುಂಡಿ ತೋಡುವವರು ಸಿಗದಿದ್ದರೆ ತಾವೇ ಹಾರೆ ಹಿಡಿಯುವುದು. ಸಂಜೆ ಅಕ್ಕನ ಕೈ ಮುದ್ದೆ. ಸಾರಿಗೆ ಉಪ್ಪಿದ್ದರೆ ಆ ದಿನ ನೆಮ್ಮದಿ ಎಂದು ಲೆಕ್ಕ.

ಹಾಗಾದರೆ ಸಾರಿಸಿದ್ದು ಯಾರು? ಅಯ್ನೋರು ತಮ್ಮ ಕೈ ನೋಡಿಕೊಳ್ಳುತ್ತಾರೆ. "ನನ್ನ ಕೈಗೆ ಮೆತ್ತಿದ್ದ ಸಗಣಿ ನನಗೆ ನೆನಪಿದೆ. ಅದು ಒಣಗಿ ಚರ್ಮ ಬಿಗಿಯೋದೂ ನೆನಪಿದೆ. ಅಕ್ಕನ ಕೈ ನೆನಪಿಲ್ಲ. ಸುಳ್ಳು ಹೇಳ್ತಿಲ್ಲ ಕಣ್ರೀ, ಎಷ್ಟು ತಡಕಿದ್ರೂ ಅಕ್ಕ ಅಲ್ಲಿ ಕಾಣಲ್ಲ." ಮತ್ತೆ ಅವರೇ, "ನನಗೇನು ಹೊಟ್ಟೆಕಿಚ್ಚಿಲ್ಲ ಅಂದ್ಕೊಂಡ್ರಾ? ಹಾಸ್ಟೆಲ್ಲಿನಲ್ಲಿ ಚಾಪೆ ಮೇಲೆ ಮಲಗಿದ್ರೆ, ಅಕ್ಕ ಈಗ ಅವ್ವನ ಪಕ್ಕ ಮಲಗಿರ್ತಾಳೆ ಅಂತ ಅಳ್ತಿದ್ದೆ. ಅವ್ವ ಪ್ರಾಣ ಬಿಟ್ಟಿದ್ದೂ ಅವಳ ತೊಡೆ ಮೇಲೇ. ಆ ಹೊತ್ತಿಗೆ ನಾನು ಹೊಳೆನರಸೀಪುರದಲ್ಲಿ ಬೇರೆ ಯಾರದೋ ತಾಯಿಗೆ ಪ್ರಾರ್ಥನೆ ಮಾಡ್ತಿದ್ದೆ."

ಬಾಗಿಲಾಚೆ ಹೂವು ಕಟ್ಟುತ್ತಿದ್ದ ಅಕ್ಕನಿಗೆ ಇದು ಕೇಳಿಸುತ್ತದೆ. "ಅದೊಂದಾರ ನಂದಿರ್ಲಿ ಬುಡು," ಎಂಬ ಉತ್ತರ ಬರುತ್ತದೆ.

ಅಯ್ನೋರ ಜಾಗಕ್ಕೆ ಬರುತ್ತಿರುವವರು ಚನ್ನರಾಯಪಟ್ಟಣದ ಕಡೆಯ ತೇಜಶ್ರೀ. ಮೂವತ್ತರೊಳಗಿನ ಹುಡುಗಿ, ದೀಕ್ಷೆ ಪಡೆದ ಪಾಲಕಿ, ಸ್ಕೂಟಿಯಲ್ಲಿ ಓಡಾಡುತ್ತಾರೆ. ಈ ಸುದ್ದಿ ಕೇಳಿ ದೊಡ್ಡಮ್ಮ ಎರಡು ದಿನ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲವಂತೆ. "ಎಣ್ಣೈಕ್ಳೂ ಅಯ್ನೋರಾಗ್ಬೌದು ಅಂತ ಆವತ್ತೇ ಯಾರಾರ ಅಂದಿದ್ರೆ? ಒಳ್ಳೇ ಮಗಾನೇ ಸಾ ಅದು. ಬಂದು ಕಾಲಿಗೆ ಬೀಳ್ತು. ಎತ್ತಿ ಮುತ್ತು ಕೊಟ್ಟೆ. ಆದ್ರೂ ಒಳಗೆ ಉರೀತು. ಏನ್ಮಾಡ್ಲಿ, ಉರೀತದೆ!" ಹೂವಿನ ದಾರವನ್ನು ಹಲ್ಲಿನಿಂದ ಕಡಿಯುತ್ತಾರೆ. "ಈ ಭಾನ್ವಾರ ಇವನು ನಿಜ ಯೋಳ್ಬೇಕು. ಇಲ್ದಿದ್ರೆ ಅರಕಲಗೂಡಲ್ಲಿ ಎದ್ ಬಂದಂಗೆ ಇಲ್ಲೂ ಎದ್ದು ಓಯ್ತೀನಿ. ಆಮ್ಯಾಕೆ ನೆಲಾನೂ ಮುಟ್ಟಕಿಲ್ಲ."

ಭಾನುವಾರ ಚರ್ಚು ಕಿಕ್ಕಿರಿದಿದೆ. ಹಳೆಯ ಸಭೆಗಳಿಂದೆಲ್ಲ ಜನ ಬಂದಿದ್ದಾರೆ, ಚನ್ನರಾಯಪಟ್ಟಣದಿಂದ ಒಂದು ವ್ಯಾನು ತುಂಬ. ಪಾಲಾಕ್ಷ ಹೋಟೆಲು ಮುಚ್ಚಿ ಬಂದು ಬಾಗಿಲ ಬಳಿ ನಿಂತಿದ್ದಾರೆ. ದೊಡ್ಡಮ್ಮ ಕೊನೆಯ ಬೆಂಚಿನ ತುದಿಯಲ್ಲಿ, ಏಳಲು ಅನುಕೂಲವಾಗುವಂತೆ ಕುಳಿತಿದ್ದಾರೆ. ಅಯ್ನೋರು ನಿಲುವಂಗಿ ಸರಿಮಾಡಿಕೊಂಡು ಶುರು ಮಾಡುತ್ತಾರೆ. ಸೀದ ಹಿಟ್ಟು, ಕಿಟಕಿ, ಉಪದೇಶಿ, ಕೆಂಪು ನೆಲ. "ಕ್ರಿಸ್‌ಮಸ್ ಬೆಳಗ್ಗೆ ಬಾಗಿಲು ತೆಗೆದ್ರೆ ಒಳಗೆಲ್ಲ ಸಗಣಿ..." ದೊಡ್ಡಮ್ಮನ ಕೈ ಮುಂದಿನ ಬೆಂಚಿನ ಮೇಲಿದೆ.

ಅಯ್ನೋರು ಅಲ್ಲಿಗೆ ನಿಲ್ಲಿಸುತ್ತಾರೆ.

"ಮುಂದಿನದು ನಾನು ಹೇಳಿ ಹೇಳಿ ನಿಮಗೆಲ್ಲ ಬಾಯಿಪಾಠ ಆಗಿದೆ. ನಮ್ಮಕ್ಕ ಬೇರೆ ಥರ ಹೇಳ್ತಾಳೆ. ನಾನು ಚಿಕ್ಕವನು, ಅವಳು ದೊಡ್ಡವಳು. ನೆನಪಿರೋರು ಹೇಳ್ಲಿ." ಎಂದವರೇ ಪ್ರಸಂಗಪೀಠದಿಂದ ಇಳಿದು, ಮುಂದೆ ಮಕ್ಕಳು ಕುಳಿತಿದ್ದ ನೆಲದ ಮೇಲೆ ಕಾಲು ಮಡಚಿ ಕೂತುಬಿಡುತ್ತಾರೆ.

ಎದ್ದುಹೋಗಲು ಸಿದ್ಧವಾಗಿದ್ದವರಿಗೆ ಎದ್ದು ಮುಂದೆ ಬರುವುದು ಹೇಗೆಂದು ಗೊತ್ತಾಗುವುದಿಲ್ಲ. "ನಾನ್ಯಾಕ್ಲಾ?" ಎನ್ನುತ್ತಾರೆ ದೊಡ್ಡಮ್ಮ, ಕೂತಲ್ಲಿಂದಲೇ. ಜನ ನಗುತ್ತಾರೆ. ತೇಜಶ್ರೀ ಬಂದು ಕೈ ನೀಡುತ್ತಾರೆ. ಆ ಕೈ ಹಿಡಿಯದೆ ದೊಡ್ಡಮ್ಮ ಮುಂದೆ ನಡೆಯುತ್ತಾರೆ. ಮೆಟ್ಟಿಲು ಹತ್ತುವುದಿಲ್ಲ, ನೆಲದ ಮೇಲೇ ನಿಲ್ಲುತ್ತಾರೆ.

"ಸಗಣಿ ತಂದಿದ್ದು ನಾನು. ನೀರಾಕಿ ಕಲಸಿದ್ದು ನಾನು. ಆ ಮೂಲೆಯಿಂದ ಬಾಗ್ಲುಗಂಟ ಸಾರಿಸಿದ್ದು ನಾನು. ನಮ್ಮವ್ವ ದೊಡ್ಡ ಮನೆ ಅಂಗಳ ಸಾರಿಸೋಳು, ಒಳ್ಗಿನ ನೆಲ ಎಂಗದೆ ಅಂತ ಅವ್ಳು ಕಂಡೋಳಲ್ಲ. ಇಲ್ಲಿ ಒಳೀಕೆ ಬಾ ಅಂದ್ರು. ಅಂದ್ಮ್ಯಾಲೆ ಆ ನೆಲಕ್ಕೆ ಏನಾರ ಮಾಡ್ಬೇಕಲ್ಲ? ನಂಗೆ ಬರ್ತಿದ್ದದ್ದು ಅದೊಂದೇಯ."

ಜನ ಕಣ್ಣೊರೆಸಿಕೊಳ್ಳುತ್ತಾರೆ. ದೊಡ್ಡಮ್ಮ ಕೆಳಗೆ ನೋಡುತ್ತಾರೆ. ಅಯ್ನೋರು ಮಕ್ಕಳ ನಡುವೆ ಕೂತು, ಬಾಯಿ ತುಸು ತೆರೆದುಕೊಂಡು ಅಕ್ಕನನ್ನೇ ನೋಡುತ್ತಿದ್ದಾರೆ.

"ಅಸಿ ನೆಲ, ನಾಯಿ ತುಳೀತದೆ, ಕಾಯ್ಕಂಡಿರು ಅಂತ ಇವನ್ಗೆ ಯೋಳಿದ್ದೆ," ದೊಡ್ಡಮ್ಮನ ದನಿ ಇಳಿಯುತ್ತದೆ. "ಅವ್ವ ಕರೆದ ತಕ್ಸಣ ನಾನು ಓದೆ. ಇವನು ಓಗ್ನಿಲ್ಲ. ಚಳೀಲಿ ಅಲ್ಲೇ ಬಿದ್ಕಂಡಿದ್ದ. ಅದೂ ನಿಜಾನೇಯ." ಇಷ್ಟು ಹೇಳಿ, ಸೆರಗು ಎಳೆದುಕೊಂಡು ಸರಸರನೆ ತಮ್ಮ ಬೆಂಚಿಗೆ ವಾಪಸ್.

ಊಟ ಮುಗಿದು ವ್ಯಾನುಗಳು ಹೊರಟ ಮೇಲೆ ನೆಲದ ತುಂಬ ಹೂವಿನ ಎಸಳು, ಧೂಳಿನ ಹೆಜ್ಜೆ. ತೇಜಶ್ರೀ ಮಾಪಿನ ಪ್ಲಾಸ್ಟಿಕ್ ಬಿಚ್ಚಲು ಹೋಗುತ್ತಾರೆ. ದೊಡ್ಡಮ್ಮ ಎಲ್ಲಿದ್ದರೋ, ಬಂದು ಕಸಿದುಕೊಳ್ಳುತ್ತಾರೆ. "ನೀನು ಮ್ಯಾಲೆ ನಿಂತ್ಕಂಡು ಮಾತಾಡವ್ವ. ಕೆಳ್ಗೆ ನಂದು." ಮಾಪು ಮತ್ತೆ ಮೂಲೆ ಸೇರುತ್ತದೆ. ಬಕೆಟ್ಟು ಬರುತ್ತದೆ. ಅಯ್ನೋರು ಚಪ್ಪಲಿ ಕೈಯಲ್ಲಿ ಹಿಡಿದು ಹೊಸ್ತಿಲಾಚೆ ನಿಲ್ಲುತ್ತಾರೆ.

ಮಂಡಿಯೂರಿದ ದೊಡ್ಡಮ್ಮ ಒಂದು ಕ್ಷಣ ತಲೆ ಎತ್ತಿ, ತಮ್ಮನಿಗೆ ಕೇಳಿಸಲಿ ಎಂದೇ ಜೋರಾಗಿ ಹೇಳುತ್ತಾರೆ: "ಇವನು ಯೋಳ್ದಾಗ್ಗಿಂತ ನಾನು ಯೋಳ್ದಾಗ ಜನ ಜಾಸ್ತಿ ಅತ್ರು. ನೀವೂ ನೋಡಿದ್ರಲ್ಲ ಸಾ? ಅಂಗೇ ಬರೀರಿ."